ಒಂದು ಗೇಣು ದೂರದ ಚೆಂಡು

ಅಲ್ಲ ಕಣೇ, ನಿನಗೆ ಯಾರು ಹಾಗೆ ಹೇಳಿದ್ದು? ನಿನ್ನ ಚಿಕ್ಕತಾತ ಸೋತ ಅಂತ ಬೀದಿಯೆಲ್ಲ ಹೇಳುತ್ತದೆ, ಆದರೆ ಅವನು ಸೋಲಲಿಲ್ಲ. ಸೋತಿದ್ದರೆ ಆ ಮನೆ ಇಷ್ಟು ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಕೂತುಕೋ, ಹೇಳುತ್ತೇನೆ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತದೆ.

ನಿನ್ನ ತಾತನ ತಮ್ಮನದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟಿನಲ್ಲಿ ಫ್ರೇಮುಗಳು, ನಡುವೆ ಕಣ್ಣು ನೋಡುವ ಎತ್ತರದ ಕುರ್ಚಿ, ಪರದೆಯ ಹಿಂದೆ ಗಾಜು ಅರೆಯುವ ಯಂತ್ರ. ಹಗಲೆಲ್ಲ ಅದು ಗುಂಯ್ ಎನ್ನುತ್ತ ಹಿಟ್ಟು ಕಲಸಿದಂಥ ಬಿಳಿ ನೀರು ಕಾರುತ್ತದೆ. ಅವನು ಹಿಂದೆ ಅರೆಯುತ್ತಿದ್ದ, ಹೆಂಡತಿ ಮುಂದೆ ನಿಂತು ಮಾರುತ್ತಿದ್ದಳು. ಎಂಥ ಮೊಂಡು ಮೂಗಿನವನು ಬಂದರೂ "ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದು ಒಪ್ಪಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನನಗೂ ಹಾಗೇ ಹೇಳಿ ಈ ಗೂಬೆಗಣ್ಣಿನ ಕನ್ನಡಕ ಹಾಕಿಸಿದಳು, ನೋಡು.

ಅವನಿಗೆ ನಲವತ್ತೆರಡಾಗಿದ್ದಾಗ ಪಕ್ಕದ ಬಟ್ಟೆ ಅಂಗಡಿಯವನು ಒಂದು ಭಾನುವಾರ, "ಬಾರಯ್ಯಾ, ಆ ಹುಲ್ಲಲ್ಲಿ ಒಂದಿಷ್ಟು ಗಾಳಿ ಕುಡಿದು ಬರೋಣ" ಎಂದು ಗಾಲ್ಫ್ ಮೈದಾನಕ್ಕೆ ಎಳೆದುಕೊಂಡು ಹೋದ. ಮೊದಮೊದಲು ಅವನ ಕೋಲು ಬರೀ ಮಣ್ಣು ಅಗೆಯಿತು. ಕೊನೆಗೊಮ್ಮೆ ಟಪ್ಪನೆ ತಗುಲಿ ಚೆಂಡು ಮರಗಳ ಮೇಲಿಂದ ಹಾರಿತು. ಆ ಸದ್ದು ಅವನ ಕಿವಿಯಲ್ಲಿ ಕೂತಿತು. ಆಮೇಲೆ ಗಾಜು ಅರೆಯುವಾಗಲೂ ಭುಜ ತಿರುಗಿಸುತ್ತಿದ್ದ. ಗಿರಾಕಿಗಳು ಇವನಿಗೆ ಕತ್ತು ಹಿಡಿದಿದೆ ಎಂದುಕೊಂಡರು.

ಆಟ ಬಂತು. ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಕ್ಲಬ್ಬಿನಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಆದರೆ ಆ ಕ್ಲಬ್ಬಿನಲ್ಲಿದ್ದವರು ಯಾರು? ಬಟ್ಟೆಯವನು, ಒಬ್ಬ ಹಲ್ಲಿನ ಡಾಕ್ಟರು, ಪೆನ್ಷನ್ ತಗೊಳ್ಳುವ ಒಬ್ಬ ಮೇಷ್ಟ್ರು. ಇವರದೊಂದು ಪದ್ಧತಿ. ಚೆಂಡು ತಾನು ಬೀಳಬೇಕಾದ ಕುಳಿಯ ಹತ್ತಿರ ಬಂದು ಒಂದು ಗೇಣು ಆಚೆ ನಿಂತರೆ ಯಾರಾದರೊಬ್ಬರು "ಬಿಡೋ, ಎತ್ಕೋ" ಎನ್ನುವುದು. ಇನ್ನು ಹಾಕುವುದೇನಿದೆ, ಬಿದ್ದ ಹಾಗೇ ಲೆಕ್ಕ. ಅಲ್ಲಿ ಚಹಾ ಬೇರೆ ಆರುತ್ತಿರುತ್ತದಲ್ಲ! ಇವನೂ ಬಗ್ಗಿ ಚೆಂಡು ಜೇಬಿಗೆ ಹಾಕಿ ಮುಂದೆ ಹೋಗುತ್ತಿದ್ದ. ಹೀಗೇ ಎಂಟು ವರ್ಷ.

ಐವತ್ತು ತುಂಬಿತು. ಐವತ್ತು ದಾಟಿದವರಿಗೆಂದೇ ದುಡ್ಡಿನ ಪಂದ್ಯಗಳಿವೆಯಂತೆ, ಅದೇ ಕಸುಬಾಗಿ ಆಡುವವರದು. ಒಂದು ಅರ್ಹತೆಯ ಪಂದ್ಯ ಆಡಿ ಮೊದಲ ಐವರಲ್ಲಿ ಬಂದರೆ ಯಾರು ಬೇಕಾದರೂ ಒಳಗೆ ಹೋಗಬಹುದಂತೆ. ಇವನ ತಲೆಗೆ ಅದು ಹೊಕ್ಕಿತು.

"ಅವರೆಲ್ಲ ಚಿಕ್ಕಂದಿನಿಂದ ಆಡಿ ಬೆನ್ನು ಸವೆಸ್ಕೊಂಡಿದಾರೆ ಕಣೇ. ನನ್ನ ಬೆನ್ನು ಇನ್ನೂ ಹೊಸದು" ಎಂದ ಹೆಂಡತಿಗೆ.

"ಹೊಸ ಬೆನ್ನಂತೆ! ಹೋದ ತಿಂಗಳು ಸಿಲಿಂಡರ್ ಎತ್ತಿ ಅಂದಾಗ ಎಲ್ಲಿಟ್ಟಿದ್ರಿ ಅದನ್ನ?"

"ನಿನಗೆ ಎಲ್ಲಾದಕ್ಕೂ ಕೊಂಕು."

"ಕೊಂಕಲ್ಲ ರೀ, ಕಾಲು ನೋವು. ಬೆಳಿಗ್ಗೆಯಿಂದ ಸಂಜೆತನಕ ಒಬ್ಬಳೇ ನಿಲ್ತೀನಿ. ಅರೆಯೋ ಗಾಜು ಹಿಂದೆ ರಾಶಿ ಬಿದ್ದಿದೆ. ಗಿರಾಕಿ ಕೇಳಿದ್ರೆ ಏನ್ ಹೇಳ್ಲಿ? ಯಜಮಾನ್ರು ಚೆಂಡು ಹುಡುಕೋಕೆ ಹೋಗಿದಾರೆ ಅನ್ಲಾ?"

ಕೊನೆಗೆ ಅವಳೇ ಒಂದು ಕರಾರು ಹಾಕಿದಳು. "ಇದೊಂದ್ಸಲ ಹೋಗ್ಬನ್ನಿ. ಸೋತ್ರೆ ಆ ಕೋಲಿನ ಚೀಲ ಅಟ್ಟ ಸೇರಬೇಕು, ನೀವು ಅಂಗಡಿ ಸೇರಬೇಕು. ಮತ್ತೆ ಆ ಆಟದ ಸುದ್ದಿ ಎತ್ತಕೂಡದು."

"ಆಯ್ತು. ಗೆದ್ರೆ?"

"ಗೆದ್ರೆ ಚೀಲ ನಾನೇ ಹೊರ್ತೀನಿ, ಹೋಗಿ."

ಆ ಪಂದ್ಯದ ಜಾಗದಲ್ಲಿ ಬಟ್ಟೆ ಬದಲಾಯಿಸುವ ಕೋಣೆಗೆ ಹೋದರೆ ಒಬ್ಬನೂ ಇವನತ್ತ ಮುಖ ಮಾಡಲಿಲ್ಲ. ಬೆಂಚಿನ ಮೇಲಿಟ್ಟ ತಮ್ಮ ಚೀಲವನ್ನು ಯಾರೂ ಸರಿಸಲಿಲ್ಲ. ಇವನು ನಿಂತೇ ಷೂ ಕಟ್ಟಿಕೊಂಡ. ಅಲ್ಲೊಬ್ಬ ಹಳೇ ಆಟಗಾರ, ಟೋಪಿಯನ್ನು ಒಂದು ಕಿವಿಗೆ ಇಳಿಬಿಟ್ಟವನು. ಇವನು ಅವನಿಗೆ ಮನಸ್ಸಿನಲ್ಲೇ ಸೊಟ್ಟಟೋಪಿ ಎಂದು ಹೆಸರಿಟ್ಟ.

"ಏನ್ ಸಾರ್, ಅಂಗಡಿಗೆ ರಜೆನಾ?" ಎಂದ ಸೊಟ್ಟಟೋಪಿ, ಹೆಸರು ಬರೆಸುವಾಗ ಇವನ ಕಸುಬು ಕೇಳಿಸಿಕೊಂಡಿದ್ದವನು.

"ಹೆಂಡ್ತಿ ನೋಡ್ಕೋತಾಳೆ."

"ಪುಣ್ಯವಂತರು. ನಾವು ಇಲ್ಲಿ ಬಿದ್ರೆ ನೋಡ್ಕೊಳ್ಳೋಕೆ ಅಂಗಡಿ ಇಲ್ಲ." ಉಳಿದವರು ನಕ್ಕರು. ಅದು ತಮಾಷೆಯ ನಗೆಯಲ್ಲ ಎಂದು ಇವನಿಗೂ ತಿಳಿಯಿತು.

ಮೊದಲ ದಿನ ಇವನು ಎಚ್ಚರವಾಗಿದ್ದ. ಪ್ರತಿ ಕುಳಿಯ ಹತ್ತಿರವೂ "ಒಳಗೆ ಹಾಕು, ಹಾಕೇ ಹಾಕು" ಎಂದು ಬಾಯಲ್ಲಿ ಮಣಮಣ ಅಂದುಕೊಂಡೇ ಆಡಿದ. ಇಲ್ಲಿ "ಎತ್ಕೋ" ಎನ್ನುವವರಿಲ್ಲ. ಎಷ್ಟೇ ಹತ್ತಿರ ನಿಂತರೂ ಚೆಂಡು ಕುಳಿಗೆ ಬೀಳಲೇಬೇಕು. ಎರಡನೆಯ ದಿನವೇ ಕೊನೆ, ಅಂದು ಇವನ ಗುಂಪಿನಲ್ಲಿ ಸೊಟ್ಟಟೋಪಿಯೂ ಇನ್ನೊಬ್ಬನೂ. ಆಟ ಮುಗಿಯಲು ನಾಲ್ಕೇ ಕುಳಿ ಬಾಕಿ ಇದ್ದಾಗ ಅಂಕದ ಹಲಗೆಯ ಮೇಲೆ ನೋಡಿದ. ತಾನು ನಾಲ್ಕನೆಯವನು. ಹಾಗೆಯೇ ಮುಗಿಸಿದರೆ ಒಳಗೆ. ಕೆಟ್ಟದ್ದು ಅಲ್ಲೇ. ಸೊಂಟಕ್ಕೆ ಕೈ ಕೊಟ್ಟು ಚೀಲ ಹೊರುತ್ತಿರುವ ಹೆಂಡತಿ ಅವನ ಕಣ್ಣಿಗೆ ಬಂದಳು.

ಆ ಕುಳಿಗೆ ದೂರದಿಂದ ತಳ್ಳಿದ ಚೆಂಡು ಉರುಳುತ್ತ ಬಂದು ಒಂದು ಗೇಣು ಆಚೆ ನಿಂತುಬಿಟ್ಟಿತು. "ಛೇ" ಎಂದ. ನಡೆದುಹೋದ, ಬಗ್ಗಿದ, ಎತ್ತಿ ಜೇಬಿಗೆ ಹಾಕಿದ. ಎಂಟು ವರ್ಷ ಮಾಡಿದ ಹಾಗೆಯೇ. ಕೈ ಮಾಡಿದ್ದು ತಲೆಗೆ ಗೊತ್ತೇ ಆಗಲಿಲ್ಲ.

ಗುಂಪಿನ ಮೂರನೆಯವನು ಆಚೆ ಮರಳಿನ ಗುಂಡಿಯಲ್ಲಿ ತಾನು ಕೆದರಿದ್ದನ್ನು ಸಮ ಮಾಡುತ್ತಿದ್ದ, ನೋಡಲಿಲ್ಲ. ಸೊಟ್ಟಟೋಪಿ ನೋಡಿದ. ನೋಡಿ ಸುಮ್ಮನೆ ತನ್ನ ಚೆಂಡು ಹಾಕಿಕೊಂಡು ಮುಂದಿನ ಜಾಗಕ್ಕೆ ನಡೆದ. ಈ ಆಟದ ನಿಯಮ ಕೇಳು. ಹಾಗೆ ಎತ್ತಿದರೂ, ತಕ್ಷಣ ಇದ್ದಲ್ಲಿಗೇ ಇಟ್ಟು ಕುಳಿಗೆ ಹಾಕಿದರೆ ಒಂದು ಹೊಡೆತದ ದಂಡ, ಅಷ್ಟೇ. ಆದರೆ ಮುಂದಿನ ಕುಳಿಗೆ ಚೆಂಡು ಹೊಡೆದುಬಿಟ್ಟರೆ ಮುಗಿಯಿತು, ಪಂದ್ಯದಿಂದಲೇ ಹೊರಗೆ.

ಇವನು ಹೊಡೆದ. ಆ ದಿನದ ಅತ್ಯಂತ ಚೆನ್ನಾದ ಹೊಡೆತವಂತೆ ಅದು.

"ಒಳ್ಳೇ ಹೊಡೆತ" ಎಂದ ಸೊಟ್ಟಟೋಪಿ. "ಇನ್ನು ಮನೆಗೆ ಹೋಗಿ. ಹಿಂದಿನದು ನೀವು ಹಾಕೇ ಇಲ್ಲ."

ಇವನು ಹಿಂದಿನ ಕುಳಿಯತ್ತ ತಿರುಗಿ ನೋಡಿದ. "ನೋಡಿದ್ರಲ್ಲ ನೀವು! ಅಲ್ಲೇ ಹೇಳಬಹುದಿತ್ತಲ್ಲ!"

"ಹೇಳಬಹುದಿತ್ತು."

"ಇದು ಮನುಷ್ಯರು ಮಾಡೋ ಕೆಲಸಾನಾ?"

"ಸಾರ್, ನಾನು ಹಾಲುಹಲ್ಲು ಬೀಳೋ ವಯಸ್ಸಿಗೆ ಕಂಡೋರ ಚೀಲ ಹೊತ್ತು ಈ ಆಟ ಕಲ್ತವನು. ಗೇಣುದ್ದದ ಚೆಂಡು ತಪ್ಪಿ ಮನೇಲಿ ಒಲೆ ಹತ್ತದ ದಿನ ಇದೆ ನನಗೆ. ಯಾವ ನನ್ನ ಮಗನೂ 'ಬಿಡಪ್ಪಾ, ಎತ್ಕೋ' ಅನ್ಲಿಲ್ಲ. ನಿಮಗೆ ನಾನ್ಯಾಕೆ ಅನ್ಲಿ?"

ಪಂದ್ಯದ ಅಧಿಕಾರಿ ಬಂದ. "ಚೆಂಡು ಕುಳಿಗೆ ಬಿತ್ತಾ?" ಎಂದು ಕೇಳಿದ.

"ಬೀಳೋದೇ ಇತ್ತು ಸಾರ್."

"ಬಿತ್ತಾ?"

"ಇಲ್ಲ."

ಸೊಟ್ಟಟೋಪಿಯ ಮೇಲೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅವನು ಹೇಳಿದ್ದು ಸುಳ್ಳು ಎನ್ನಲಾರೆ.

ಅಂಗಡಿಗೆ ಬಂದಾಗ ಹೆಂಡತಿ ಒಂದು ಫ್ರೇಮಿಗೆ ತಿರುಪು ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಸೋತ್ರಾ?"

"ಇಲ್ಲ. ಹೊರಗೆ ಹಾಕಿದ್ರು."

"ಎರಡೂ ಒಂದೇ ಅಲ್ವೇನ್ರೀ?"

"ಒಂದೇ ಹೇಗಾಗುತ್ತೆ? ಸೋಲೋದು ಅಂದ್ರೆ ಅವರು ನನಗಿಂತ ಚೆನ್ನಾಗಿ ಆಡೋದು. ನಾನು ನಾಲ್ಕನೆಯವನಾಗಿದ್ದೆ. ಮುಗಿಸೋಕೇ ಬಿಡ್ಲಿಲ್ಲ. ಕರಾರು ಸೋತ್ರೆ ಅಂತ ತಾನೇ ಇದ್ದಿದ್ದು? ಮುಂದಿನ ವರ್ಷ ಮತ್ತೆ ಹೋಗ್ತೀನಿ."

ಅವಳು ತಿರುಪುಳಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. "ನೆಟ್ಟಗೆ ಸೋತು ಬರೋ ಯೋಗ್ಯತೆನೂ ಇಲ್ವೇನ್ರೀ ನಿಮಗೆ!" ಕನ್ನಡಿ ನೋಡಿಕೊಳ್ಳುತ್ತಿದ್ದ ಗಿರಾಕಿ ಕನ್ನಡಕ ಅಲ್ಲೇ ಬಿಟ್ಟು ಎದ್ದುಹೋದ.

ಭಾನುವಾರ ಮೈದಾನದಲ್ಲಿ ಇನ್ನೊಂದು ರಂಪ. ಇವನ ಚೆಂಡು ಕುಳಿಯ ಪಕ್ಕ ನಿಂತಿತು. ಬಟ್ಟೆಯವನು ಪಾಪ, ಬೇಜಾರಾಗಿದ್ದಾನೆಂದು ಮೆತ್ತಗೆ "ಬಿಡೋ, ಎತ್ಕೋ" ಎಂದ. ಇವನು ಕೋಲು ಬೀಸಿ ಎಸೆದ. "ನಿನ್ನ ಬಾಯಿಂದಲೇ ನಾನು ಹಾಳಾಗಿದ್ದು!"

"ಎಂಟು ವರ್ಷ ಪ್ರೀತಿಯಿಂದ ಬಿಟ್ಟಿದ್ದಕ್ಕೆ ಇದಾ?"

"ಯಾರು ಕೇಳಿದ್ರು ನಿನ್ನ ಪ್ರೀತಿ?"

"ಹೋಗಯ್ಯಾ. ನಾವು ಗಾಳಿ ಕುಡಿಯೋಕೆ ಬರೋರು. ನೀನು ಯಾವಾಗ ದೊಡ್ಡ ಮನುಷ್ಯ ಆದ್ಯೋ ನಮಗೆ ಗೊತ್ತೇ ಆಗ್ಲಿಲ್ಲ."

ಈಗ ಪಕ್ಕಪಕ್ಕದ ಅಂಗಡಿಯವರು ಬೆಳಿಗ್ಗೆ ಷಟರ್ ಎತ್ತುವಾಗ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ತಿರುಗಿಸಿ ಎತ್ತುತ್ತಾರೆ. ಹಲ್ಲಿನ ಡಾಕ್ಟರೂ ಮೇಷ್ಟ್ರೂ ಬಟ್ಟೆಯವನ ಪಕ್ಷ. ಇವನು ಒಬ್ಬನೇ ಹೋಗಿ, ಗೇಣುದ್ದದ ಚೆಂಡನ್ನೇ ಸಂಜೆಯವರೆಗೆ ಕುಳಿಗೆ ಹಾಕುತ್ತಾ ಕೂರುತ್ತಾನೆ. ತಡವಾಗಿ ಶುರು ಮಾಡಿದವನಿಗೆ ಆ ಆಟ ದಕ್ಕುತ್ತದೆಯೇ ಎನ್ನುತ್ತೀಯೇನೋ, ನನ್ನನ್ನು ಕೇಳಿದರೆ ದಕ್ಕುವುದಿಲ್ಲ. ಹೊಡೆಯುವುದನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು. ಆದರೆ ಮುದ್ದು ಮಾಡಿ ಬೆಳೆಸಿದ ಕೈ ಅದು, ಹಾಳಾದದ್ದು. ಅವನಿಗೆ ಹೇಳಿದರೆ ನನ್ನ ಜೊತೆಗೂ ಮಾತು ಬಿಡುತ್ತಾನೆ.

ಇವತ್ತು ಬೆಳಿಗ್ಗೆ ಅವನ ಹೆಂಡತಿ ಇಲ್ಲಿಗೆ ಬಂದಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬ್ಯಾಗು ಹಿಡಿದುಕೊಂಡೇ ನಿಂತು, "ಅಕ್ಕಾ, ನಾನು ತಂಗಿ ಮನೆಗೆ ಹೊರಟೆ. ಅಂಗಡಿ ಇದೆ ಅನ್ನೋದು ಅವರಿಗೆ ನೆನಪಾದ್ರೆ ಕೊಡಿ" ಎಂದು ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು.

ನೆನಪಾಗುವವರೆಗೆ ಕಾಯುತ್ತ ಕೂತರೆ ಆಯಿತು ಕಥೆ. ಮೈದಾನಕ್ಕೆ ಹೋಗಿ ಈ ಬೀಗದ ಕೈ ಅವನ ಅಂಗೈಯಲ್ಲೇ ಇಟ್ಟು ಬಾ. ಜೇಬಿಗೆ ಹಾಕಬೇಡ, ಅವನ ಜೇಬು ತೂತು. ಬಾಗಿಲು ತೆಗೆಯುವವರೆಗೆ ಜೊತೆಯಲ್ಲೇ ಇರು. ಹೋಗು, ಇನ್ನೂ ಬೆಳಕಿದೆ.