ಡಾಕ್ಟರು ಕೆಟಲ್ಲನ್ನು ಗಡೀಪಾರು ಮಾಡಿದ್ದು

ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವ ಆ ಕಂಪನಿಯಲ್ಲಿ ಎಲ್ಲರೂ ‘ಡಾಕ್ಟ್ರು’ ಎಂದು ಕರೆಯುತ್ತಿದ್ದ ಮಹಾನುಭಾವರು ಜೀವಮಾನದಲ್ಲಿ ಒಬ್ಬರ ನಾಡಿಯನ್ನೂ ಹಿಡಿದವರಲ್ಲ. ಅವರ ರೋಗಿಗಳೆಂದರೆ ಕಚೇರಿಯ ಕಂಪ್ಯೂಟರುಗಳು. ಮೌಸು ಸತ್ತರೂ ಪ್ರಿಂಟರು ಕೆಮ್ಮಿದರೂ ಇವರೇ ಬರಬೇಕು, ಕನ್ನಡಕ ಏರಿಸಬೇಕು, ‘ಹೂಂ’ ಎನ್ನಬೇಕು. ಆ ‘ಹೂಂ’ಗೇ ಅರ್ಧ ಕಾಯಿಲೆ ವಾಸಿ ಎಂಬ ಪ್ರತೀತಿಯಿತ್ತು. ಪ್ರತೀತಿ ಹುಟ್ಟಿಸಿದವರೂ ಅವರೇ.

ಯಾವ ಕಟ್ಟಡದ ಲಿಫ್ಟಿನಲ್ಲಿ ಯಾರು ಸಿಕ್ಕಿಬಿದ್ದಿದ್ದಾರೆ, ಬಿಡಿಸಲು ಯಾವ ಮೆಕ್ಯಾನಿಕ್ ಹೋದ ಎಂಬುದೆಲ್ಲ ಅಲ್ಲಿನ ಡೇಟಾಬೇಸಿಗೆ ಸೇರುತ್ತಿತ್ತು. ದಿನಕ್ಕೊಮ್ಮೆ ಅದರ ನಕಲು ತೆಗೆದಿಟ್ಟು, ಒಳಗಿನ ಕಸ ಗುಡಿಸಿ ಒಪ್ಪ ಮಾಡಬೇಕು. ಆ ಕೆಲಸ ಮುಗಿಯುವವರೆಗೆ ಅದು ಎಲ್ಲರನ್ನೂ ಹೊರಗೆ ನೂಕಿ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಇಷ್ಟು ವರ್ಷ ಸಂಜೆ ಎಲ್ಲರೂ ಎದ್ದುಹೋದ ಮೇಲೆ ಕೂತು ಕೈಯಾರೆ ಮಾಡುತ್ತಿದ್ದರು. ಈಗ ಹೊಸ ತಂತ್ರಾಂಶ ಬಂದಿತ್ತು. ಸಮಯ ಹೇಳಿಟ್ಟರೆ ಸಾಕು, ಊರೆಲ್ಲ ಮಲಗಿರುವಾಗ ತಾನೇ ಎದ್ದು ತಾನೇ ಗುಡಿಸಿಕೊಳ್ಳುತ್ತದೆ. ಡಾಕ್ಟರು ಕೋಟೆಗೆ ಲಗ್ಗೆ ಹಾಕುವ ಸೇನಾಪತಿಯ ಗತ್ತಿನಲ್ಲಿ ‘ಪ್ರತಿದಿನ, ಎರಡು ಗಂಟೆ’ ಎಂದು ಒತ್ತಿ, ನೆಟಿಕೆ ಮುರಿದು ಮನೆಗೆ ಹೊರಟರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಬಂದು ಕೂತಿದ್ದಾರೆ, ಪರದೆಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು. ದೂರು ಬರೆದುಕೊಳ್ಳುತ್ತಿದ್ದ ಫೋನಿನಾಕೆ ಗಾಬರಿಯಲ್ಲಿ, “ಸಾರ್, ನೀವು ಲಿಫ್ಟಲ್ಲೇ ಇರಿ, ಎಲ್ಲೂ ಹೋಗ್ಬೇಡಿ” ಎಂದು ಹೇಳಿ, ಲಿಫ್ಟಿನೊಳಗಿಂದ ಬಾಯ್ತುಂಬ ಬೈಸಿಕೊಂಡಳು. ಅರ್ಧ ಗಂಟೆಯ ಮೇಲೆ ಎಲ್ಲ ತಾನಾಗಿಯೇ ಸರಿಹೋಯಿತು. ಮಾರನೆಯ ದಿನವೂ ಅದೇ ಕಥೆ. ಅದರ ಮಾರನೆಯ ದಿನ ಡಾಕ್ಟರು ಬೇಟೆಗೆ ಇಳಿದರು. ಪರದೆ ಮುಚ್ಚುವ ಹೊತ್ತಿಗೆ ಸರಿಯಾಗಿ ಮೂಲೆಯ ಕೋಣೆಯಲ್ಲಿ ಕಚೇರಿಗೆಲ್ಲ ಟೀ ಮಾಡಿಕೊಡುವ ಅಕ್ಕ ಕರೆಂಟಿನ ಕೆಟಲ್ ಹಚ್ಚುತ್ತಿದ್ದುದು ಅವರ ಹದ್ದಿನ ಕಣ್ಣಿಗೆ ಬಿತ್ತು.

“ಸಿಕ್ತು ರೋಗ! ಈ ಕೆಟಲ್ ಕರೆಂಟ್ ಹೀರುತ್ತೆ, ಸರ್ವರ್‌ಗೆ ಉಸಿರು ಕಟ್ಟುತ್ತೆ!”

“ಅಲ್ಲಣ್ಣ, ನಾನಿಲ್ಲಿಗೆ ಬಂದಾಗಿಂದ ಇದೇ ಕೆಟಲ್ಲು. ಇಷ್ಟು ವರ್ಷ ಕಟ್ಟದ ಉಸಿರು ಈಗ ಕಟ್ಟಿತಾ?”

“ಅಕ್ಕ, ಇದು ಟೆಕ್ನಿಕಲ್ ವಿಷಯ. ನಿಮಗೆ ತಿಳಿಯಲ್ಲ.”

ಗುಂಡಿ ಒತ್ತಿದರೆ ಟೀ ಸುರಿಯುವ ಯಂತ್ರ ತರಿಸಬೇಕೆಂದು ಮೊದಲೇ ಕಾಯುತ್ತಿದ್ದ ಮ್ಯಾನೇಜರಿಗೆ ಅಷ್ಟು ಸಾಕಾಯಿತು. “ನಾಳೆಯಿಂದ ಬರೋದು ಬೇಡಮ್ಮ” ಎಂದರು. ಅಕ್ಕ ಇನ್ನೂ ಬಿಸಿಯಿದ್ದ ತನ್ನ ಕೆಟಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು.

ಅದೇ ಸಂಜೆ, ರಾತ್ರಿಯ ಚಾಕರಿಗೆ ಇನ್ನೊಂದು ಕೆಲಸ ಸೇರಿಸೋಣವೆಂದು ಡಾಕ್ಟರು ಆ ಸಮಯದ ಪುಟ ತೆರೆದರು. ಎರಡು ಗಂಟೆ ಎಂದೇ ಇತ್ತು. ಪಕ್ಕದಲ್ಲಿ ರಾತ್ರಿಯೋ ಹಗಲೋ ಎಂದು ಆರಿಸುವ ಪುಟ್ಟ ಚೌಕದಲ್ಲಿ ಮಾತ್ರ ‘ಹಗಲು’ ಎಂದಿತ್ತು.

ಡಾಕ್ಟರ ಎರಡೂ ಕಿವಿ ಕಾದ ಕಾವಲಿಯಂತಾದವು. ಅತ್ತಿತ್ತ ನೋಡಿದರು, ಯಾರೂ ಇರಲಿಲ್ಲ. ಸೇನಾಪತಿಗಳ ಬೆರಳು ಕಳ್ಳಬೆಕ್ಕಿನಂತೆ ಮುಂದೆ ಹೋಗಿ ಹಗಲನ್ನು ರಾತ್ರಿ ಮಾಡಿ ಹಿಂದಕ್ಕೆ ಬಂತು.

ಮರುದಿನ ಯಾವ ಪರದೆಯೂ ಕಣ್ಣು ಮುಚ್ಚಲಿಲ್ಲ. “ನೋಡಿದ್ರಾ ಡಾಕ್ಟ್ರ ಕೈಗುಣ!” ಎಂದು ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಒಂದೊಂದು ತಟ್ಟಿಗೂ ಡಾಕ್ಟರು ಒಂದೊಂದು ಅಂಗುಲ ಕುಗ್ಗಿದರು. ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ಶೌಚಾಲಯಕ್ಕೆ ಹೋದರೆ ಅಲ್ಲಿಯೂ ಒಬ್ಬ ಮೆಕ್ಯಾನಿಕ್ ಕೈ ಕುಲುಕಲು ಬಂದ.

ಮನೆಯಲ್ಲಿ ಹೆಂಡತಿ, “ಏನ್ರೀ ಇದು, ಇಂಗು ತಿಂದ ಮಂಗನ ಹಾಗೆ ಮುಖ?” ಎಂದಳು. ಡಾಕ್ಟರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದೂ ಬಿಡದೆ ಹೇಳಿದರು. ಆಕೆ ನಗುತ್ತಾಳೆ ಎಂದುಕೊಂಡಿದ್ದರು. ನಗಲಿಲ್ಲ.

“ಇದನ್ನ ನನಗ್ಯಾಕೆ ಹೇಳ್ತೀರಿ? ನಿಮ್ಮ ಆಫೀಸಲ್ಲಿ ಟೀ ಮಾಡ್ತಿದ್ದೋಳು ನಾನಾ?”

ರಜೆಯ ದಿನ ಡಾಕ್ಟರು ಅಕ್ಕನ ಮನೆ ಹುಡುಕಿಕೊಂಡು ಹೋದರು. ಆಕೆ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು. ಒಳಗೆ ಬನ್ನಿ ಎನ್ನಲಿಲ್ಲ.

“ಯಾವಾಗ ಗೊತ್ತಾಯ್ತು?”

“ನೀವು ಹೋದ ದಿನವೇ ಸಂಜೆ.”

“ಅಂದ್ರೆ ಗೊತ್ತಿದ್ದೂ ಸುಮ್ನಿದ್ರಿ.” ಡಾಕ್ಟರು ಚಪ್ಪಲಿಯ ಉಂಗುಷ್ಟ ನೋಡಿಕೊಂಡರು. “ನನ್ನ ಮನೆ ಬಾಗಿಲಲ್ಲಿ ಪಿಸುಗುಟ್ಟಿದ್ರೆ ಆಗಲ್ಲ. ಕಳ್ಳಿ ಥರ ಕಳಿಸಿದ್ದು ಎಲ್ಲರ ಮುಂದೆ. ಇದನ್ನೂ ಅಲ್ಲೇ ಹೇಳಿ. ನಾನೂ ಬರ್ತೀನಿ.”

ಸೋಮವಾರ ಅಕ್ಕ ಬರಿಗೈಲಿ ಬಂದು ಬಾಗಿಲಿಗೆ ಒರಗಿ ನಿಂತಳು. ಡಾಕ್ಟರು ಕಚೇರಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು. “ಕೆಲವು ತಾಂತ್ರಿಕ ಕಾರಣಗಳಿಂದ…”

“ಅರ್ಥ ಆಗೋ ಹಾಗೆ ಹೇಳಿ” ಎಂದಳು ಅಕ್ಕ.

“ರಾತ್ರಿ ಆಗ್ಬೇಕಾದ ಕೆಲಸನ ನಾನು ಹಗಲಿಗೆ ಇಟ್ಟಿದ್ದೆ. ತಪ್ಪು ನಂದು. ಅಕ್ಕಂದಲ್ಲ, ಕೆಟಲ್ಲಿಂದಲ್ಲ. ಗೊತ್ತಾದ ಮೇಲೂ…”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಲ್ಲೋ ನಾಲ್ಕನೆಯ ಮಹಡಿಯಲ್ಲಿ ಯಾರೋ ಸಿಕ್ಕಿಬಿದ್ದಿದ್ದರು. ಫೋನಿನಾಕೆ ಹೆಸರು, ವಿಳಾಸ, ಕಟ್ಟಡದ ಗುರುತು ಕೇಳಿ ಕೇಳಿ ಬರೆದುಕೊಂಡಳು. ಇಡೀ ಕಚೇರಿ ಕಣ್ಣು ಮಿಟುಕಿಸದೆ ಡಾಕ್ಟರನ್ನೇ ನೋಡುತ್ತ ಕೂತಿತ್ತು. ಅವರು ಅರ್ಧ ತೆರೆದ ಬಾಯಿಯನ್ನು ಮುಚ್ಚಲೂ ಆಗದೆ ಪೂರ್ತಿ ತೆರೆಯಲೂ ಆಗದೆ, ಬೆವರುತ್ತ ನಿಂತಿದ್ದರು. ಕೊನೆಗೆ ಫೋನಿನಾಕೆ ರಿಸೀವರ್ ಕೆಳಗಿಟ್ಟಳು.

“ಅಯ್ಯೋ, ನನಗೆ ಸರಿಯಾಗಿ ಕೇಳಿಸ್ಲಿಲ್ಲ ಡಾಕ್ಟ್ರೇ” ಎಂದಳು. “ಮೊದಲಿಂದ ಹೇಳಿ.”

ಡಾಕ್ಟರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಮೇಜಿನ ಕಡೆ ನೋಡಿದರು. ಅಕ್ಕ ಖಾಲಿಯಿದ್ದ ಒಂದು ಕುರ್ಚಿ ಎಳೆದುಕೊಂಡು, ಆ ಕಚೇರಿಯಲ್ಲಿ ಮೊಟ್ಟಮೊದಲ ಬಾರಿಗೆ, ಕೂತಳು. ಡಾಕ್ಟರು ಮೊದಲಿಂದ ಶುರುಮಾಡಿದರು.