ಎಂಬತ್ತರಲ್ಲಿ ಎಂಟು
ಸ್ಫಾಕ್ಸ್ ನಗರದ ಆಸ್ಪತ್ರೆಗೆ ಎದೆನೋವೆಂದು ಬಂದವರಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕೆಂದು ಯಂತ್ರಕ್ಕೆ ಕಲಿಸುವ ತಿಜಾನಿ ಮೇಷ್ಟ್ರಿಗೆ, ರೋಗಿಯ ಎಂಬತ್ತು ವಿವರಗಳನ್ನು ಎಂಟಕ್ಕಿಳಿಸುವುದೇ ಪರಮಸುಖ. "ತೆಗೆದ್ರೆ ಉತ್ತರ ಬದಲಾಗುತ್ತಾ? ಇಲ್ವಾ? ತೆಗಿ!" ಎನ್ನುತ್ತಾರೆ. ಕಲ್ಲಂಗಡಿಯನ್ನು ತಟ್ಟಿ ನೋಡಿಯೇ ಕೊಳ್ಳುತ್ತಾರೆ. ಬಣ್ಣ ನೋಡುವವರನ್ನು ಕಂಡರೆ ಮರುಗುತ್ತಾರೆ. ಕುಸ್‌ಕುಸ್ ಅಡುಗೆಯ ಐದು ಮಸಾಲೆಗಳನ್ನು ಎರಡಕ್ಕಿಳಿಸಿದ ದಿನ ಹೆಂಡತಿ, "ಮುಂದಿನ ಸರದಿ ನಂದೇನ್ರೀ?" ಎಂದು ಕೇಳಿದ್ದಳು. ಮೊನ್ನೆ ಸಹಾಯಕಿ ರೌಧಾ, "ಮೇಷ್ಟ್ರೇ, ಮನೆಯಿಂದ ಆಸ್ಪತ್ರೆ ಎಷ್ಟು ದೂರ ಅನ್ನೋದಕ್ಕೆ ಯಂತ್ರ ಸೊನ್ನೆ ತೂಕ ಕೊಟ್ಟಿದೆ, ತೆಗೆದ್ರೂ ಉತ್ತರ ಬದಲಾಗಲ್ಲ. ತೆಗೀಲಾ?" ಎಂದಳು. "ಬೇಡಮ್ಮ, ಇರ್ಲಿ." "ಅಯ್ಯೋ, ನಿಮ್ಮ ಕತ್ತರಿಗೂ ಕರುಣೆ ಬಂತಾ?" ಮೇಷ್ಟ್ರು ನಗಲಿಲ್ಲ. "ನೂರು ಕಿಲೋಮೀಟರ್ ಆಚೆಯವರು ರೋಗಿಗಳ ಪಟ್ಟೀಲಿ ಒಬ್ರೂ ಇಲ್ಲ, ನೋಡು. ಬಂದು ಮುಟ್ಟಿದವರಿಂದ ಮಾತ್ರ ಯಂತ್ರ ಕಲ್ತಿದೆ. ಎದೆನೋವು ಅಂತ ಹಳ್ಳಿಯಿಂದ ಹೊರಟ ನಮ್ಮಮ್ಮ ಬಂದು ಮುಟ್ಲಿಲ್ಲ."