ಮನೆದೇವರ ತೀರ್ಥ

ನಮ್ಮ ಮನೆದೇವರು ಕುಡಿಯುತ್ತಾನೆ. ತಮಾಷೆಗೆ ಹೇಳುತ್ತಿಲ್ಲ. ಕಾಡುಗೋಡಿಯಲ್ಲಿ ನಮ್ಮ ಹಳೆಯ ಹೊಲದ ಅಂಚಿಗೆ, ಬೇವಿನ ಮರದಡಿ ಇರುವ ಮುನೇಶ್ವರನಿಗೆ ವರ್ಷಕ್ಕೊಮ್ಮೆ ಹುಂಜ ಕೊಯ್ದು, ಚುಟ್ಟಾ ಹಚ್ಚಿಟ್ಟು, ಸಾರಾಯಿ ಇಟ್ಟು ಎಡೆ ಮಾಡುವುದು ತಾತನ ಕಾಲದಿಂದ ಬಂದದ್ದು. ಹೊಲ ಹೋಗಿ ಕಂಪನಿಯ ಕಾಂಪೌಂಡ್ ಬಂತು. ಮರ ಮತ್ತು ಮೂರು ಕಲ್ಲು ಗೋಡೆಗೆ ಒತ್ತಿಕೊಂಡು ಉಳಿದವು. ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ದೇವರಿಗೂ ಪ್ಯಾಕೆಟ್ ತಪ್ಪಿ ಬ್ರಾಂದಿ ಬಾಟ್ಲಿ ಬಂತು. ಎಡೆಯಾದ ಮೇಲೆ ಅದರಲ್ಲೇ ಸ್ವಲ್ಪ ಮನೆಯ ಹಿರಿಮಗನ ಅಂಗೈಗೆ ತೀರ್ಥ ಎಂದು ಹಾಕುತ್ತಾರೆ. ಅಪ್ಪ ಹೋದ ಮೇಲೆ ಆ ಹಿರಿಮಗ ನಾನು.

ಆ ವರ್ಷ ಎಡೆ ಹತ್ತಿರ ಬರುವಾಗ ನಾನು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಬಿಡಿಸಿದ್ದು ಒಂದು ಮೀಟಿಂಗ್. ಕುಡಿದು ಕೆಟ್ಟವರೇ ಸೇರಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿಕೊಳ್ಳುವ ಜಾಗ. ಭಾನುವಾರ ಸಂಜೆ ಶಾಲೆಯೊಂದರ ಕೋಣೆಯಲ್ಲಿ, ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂರುತ್ತಿದ್ದೆವು. ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ. ನನ್ನನ್ನು ಕರೆದುಕೊಂಡು ಹೋದವನು ನಮ್ಮದೇ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ಗಾರೆ ಮೇಸ್ತ್ರಿ, ಕೊಪ್ಪಳದ ಕಡೆಯವನು. ಮನೆ ಹತ್ತಿರ ನನ್ನನ್ನು "ಸಾವ್ಕಾರ್ರ" ಎನ್ನುತ್ತಿದ್ದವನು ಮೀಟಿಂಗಿನಲ್ಲಿ "ತಮ್ಮಾ" ಎನ್ನುತ್ತಿದ್ದ. ನನಗೆ ಎರಡನೆಯದೇ ಹಿತವಾಗುತ್ತಿತ್ತು.

ನಿಮ್ಮ ಕೈಲಾಗದ್ದನ್ನು ನಿಮಗಿಂತ ದೊಡ್ಡ ಶಕ್ತಿಗೆ ಒಪ್ಪಿಸಿ, ಅದು ಯಾವುದೆಂದು ನಿಮಗೇ ಬಿಟ್ಟದ್ದು ಎಂದು ಅಲ್ಲಿ ಹೇಳುತ್ತಿದ್ದರು. ಒಬ್ಬರಿಗೆ ಮೇರಿಯಮ್ಮ, ಒಬ್ಬರಿಗೆ ಅಲ್ಲಾಹು, ಮೇಸ್ತ್ರಿಗೆ ಕೊರಳಲ್ಲಿದ್ದ ಲಿಂಗ. ನನ್ನ ಸರದಿ ಬಂದಾಗ ಮುಂದಿನವರು ಹೇಳಲಿ ಎಂದೆ. ನನಗೆ ಗೊತ್ತಿದ್ದ ದೇವರು ಒಬ್ಬನೇ, ಅವನೋ ಬಾಟ್ಲಿ ಕೇಳುವವನು. ಕುಡಿತ ಬಿಡಿಸು ಎಂದು ಅವನ ಮುಂದೆ ಹೋಗಿ ನಿಲ್ಲುವುದು ಹೇಗೆ? ಉಪಾಯ ಮಾಡಿ, ತುಳಸಿ ನೀರು ಕೊಡುವ ಇನ್ನೊಂದು ಗುಡಿಗೆ ಹೋಗಿ ಕೈಮುಗಿದೆ. ಬರುವಾಗ ಬೇವಿನ ಮರದ ದಾರಿ ಬಿಟ್ಟು ಸುತ್ತಿ ಬಂದೆ. ಮುನೇಶ್ವರನಿಗೆ ಗೊತ್ತಾದರೆ ಏನು ಗತಿ ಎಂಬ ಹೆದರಿಕೆ. ನಗುವವರು ನಗಲಿ, ಅಂಥ ದೇವರನ್ನು ನಂಬಿ ಬೆಳೆದವರಿಗೆ ಇದು ನಗುವ ಮಾತಲ್ಲ.

ಅಮ್ಮನಿಗೆ ನಾನು ಕುಡಿತ ಬಿಟ್ಟಿದ್ದರಲ್ಲಿ ಸಂತೋಷವಿತ್ತು. ಆದರೆ ಎಡೆಯ ಮಾತು ಬಂದಾಗ ಅವಳ ಲೆಕ್ಕವೇ ಬೇರೆ.

"ತೀರ್ಥ ತಗೊಂಡ್ರೆ ಅದು ಕುಡ್ತ ಆಯ್ತದಾ? ಒಂದೇ ಒಂದು ಗುಟುಕು. ಎಡೆ ತಪ್ಸಿದ್ ವರ್ಷ್ವೇ ನಿಮ್ಮಪ್ಪ ಓಗಿದ್ದು. ನಿಂಗೂ ಒಬ್ಳು ಮಗಳವ್ಳೆ, ಗ್ಯಾಪ್ಕ ಇರ್ಲಿ."

ಅಪ್ಪ ಹೋದದ್ದು ಕುಡಿದು ಲಿವರ್ ಕೆಟ್ಟು ಎಂದು ಡಾಕ್ಟರು ಹೇಳಿದ್ದರು. ಎಡೆ ತಪ್ಪಿ ಎಂದು ಅಮ್ಮ ಹೇಳುತ್ತಿದ್ದಳು. ನನ್ನ ಕಷ್ಟವೇನೆಂದರೆ ನಾನು ಇಬ್ಬರನ್ನೂ ನಂಬಿದ್ದೆ. ಕುಡಿದರೆ ನಾನು ಹೋಗುತ್ತೇನೆ, ಕುಡಿಯದಿದ್ದರೆ ಮಗಳಿಗೆ ಏನೋ ಆಗುತ್ತದೆ. ಆ ವಾರ ಮಗಳು ಒಮ್ಮೆ ಕೆಮ್ಮಿದರೂ ಎದ್ದು ಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ.

ಮೇಸ್ತ್ರಿಗೆ ಹೇಳಿದೆ.

"ನಾನೂ ಒಮ್ಮೆ ಒಂದ ಗುಟುಕು ಅಂತ ತಗೊಂಡಿದ್ದೆ ತಮ್ಮಾ. ಎಚ್ಚರಾದಾಗ ಗುಂತಕಲ್ ಸ್ಟೇಷನ್ದಾಗಿದ್ದೆ. ಹೋಗಬ್ಯಾಡ ಅಂತ ಹೆಂಗ ಹೇಳ್ಲಿ? ನಿಮ್ಮ ದೇವ್ರು, ನಿಮ್ಮವ್ವ. ಆದ್ರ ಒಬ್ಬಾಂವ ಹೋಗಬ್ಯಾಡ. ನಾ ಬರ್ತೀನಿ."

ಎಡೆಯ ದಿನ ಮಧ್ಯಾಹ್ನ ಮರದಡಿ ನಾಲ್ಕೇ ಜನ. ಪೂಜೆ ಮಾಡುವ ಚಿಕ್ಕಪ್ಪ, ಅಮ್ಮ, ನಾನು, ಮೇಸ್ತ್ರಿ. ಗೋಡೆಯಾಚೆ ಕಂಪನಿಯ ಜನರೇಟರ್ ಒದರುತ್ತಿತ್ತು. ಚಿಕ್ಕಪ್ಪ ಬಾಟ್ಲಿಯ ಮುಚ್ಚಳ ತಿರುವಿದ. ಆ ಸಣ್ಣ ಸದ್ದಿಗೇ ನನ್ನ ಬಾಯಲ್ಲಿ ನೀರೂರಿತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದು. ದೇವರೂ ಅಲ್ಲ, ಸಾವೂ ಅಲ್ಲ, ನನ್ನದೇ ಬಾಯಿ. ತೊಡೆ ನಡುಗತೊಡಗಿತು. ಪಕ್ಕದಲ್ಲಿದ್ದ ಮೇಸ್ತ್ರಿ ನನ್ನ ಬಲಗೈ ಹಿಡಿದುಕೊಂಡ. ಮೀಟಿಂಗ್ ಮುಗಿಯುವಾಗ ಪ್ರಾರ್ಥನೆ ಹೇಳಲು ಎಲ್ಲರೂ ಎದ್ದು ಪಕ್ಕದವರ ಕೈ ಹಿಡಿಯುತ್ತೇವಲ್ಲ, ಹಾಗೆ. ಸಿಮೆಂಟು ತಿಂದು ಒರಟಾದ ಅವನ ಅಂಗೈ ಒದ್ದೆಯಾಗಿತ್ತು. ವಾಸನೆ ಅವನ ಮೂಗಿಗೂ ಬಡಿದಿತ್ತು, ಅವನೂ ಹೆದರಿದ್ದ.

"ಕೈ ನೀಡೋ," ಎಂದ ಚಿಕ್ಕಪ್ಪ.

ಕೈ ಬರಲಿಲ್ಲ. ಮೇಸ್ತ್ರಿ ಬಿಡಲಿಲ್ಲವೋ ನಾನು ಬಿಡಿಸಿಕೊಳ್ಳಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿ, ಅಷ್ಟು ದಿನ ತಪ್ಪಿಸಿಕೊಂಡು ಓಡಾಡಿದ ಆ ದೇವರನ್ನೇ ಮೊದಲ ಸಲ ಬೇಡಿದೆ. ನಿನ್ನದು ನಿನಗೇ ಇರಲಿ ಅಪ್ಪಾ, ನನ್ನನ್ನು ಬಿಟ್ಟುಬಿಡು, ಮಗುವನ್ನು ಮುಟ್ಟಬೇಡ.

"ತೀರ್ಥ ಬ್ಯಾಡ ಅಂತೀಯಾ? ಏನ್ ಆಯ್ತದೋ ಗೊತ್ತಾ?" ಚಿಕ್ಕಪ್ಪನ ದನಿ ಏರಿತು.

ಕಣ್ಣು ಬಿಟ್ಟಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕುಡಿದಿದ್ದಾಗ ನಾನು ಯಾರಿಗೂ ಹೆದರಿದವನಲ್ಲ, ಅವಳಿಗಂತೂ ಅಲ್ಲವೇ ಅಲ್ಲ. ದೊಡ್ಡವನಾದ ಮೇಲೆ ನಾನು ನಡುಗಿದ್ದನ್ನು ಅವಳು ನೋಡಿದ್ದು ಅವತ್ತೇ ಇರಬೇಕು. ಅವಳು ಮುಂದೆ ಬಂದು, ನನ್ನ ಮುಂದೆ ನಿಂತು, ಬಲಗೈ ಚಾಚಿದಳು.

"ಅವನ್ ಪಾಲು ನಂಗಾಕು."

"ಎಂಗುಸ್ರು ತಗೊಳಂಗಿಲ್ಲ ಅತ್ಗೆ."

"ದ್ಯಾವ್ರತ್ರ ನಾನ್ ಯೋಳ್ಕೊಂತೀನಿ. ನೀನ್ ಆಕು."

ಚಿಕ್ಕಪ್ಪ ಹಾಕಿದ, ಸ್ವಲ್ಪ ಹೆಚ್ಚೇ ಬಿತ್ತು. ಆ ವಾಸನೆಗೆ ಜೀವಮಾನವಿಡೀ ಮೂಗು ಮುಚ್ಚಿಕೊಂಡವಳು, ಅಪ್ಪನ ಬಟ್ಟೆ ಒಗೆಯುವಾಗ ಶಪಿಸುತ್ತಿದ್ದವಳು, ಅಂಗೈ ಎತ್ತಿ ಒಂದೇ ಸಲ ಕುಡಿದಳು. ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಉಳಿದದ್ದನ್ನು ತಲೆಗೆ ಸವರಿಕೊಂಡು ಕಲ್ಲಿಗೆ ಅಡ್ಡಬಿದ್ದಳು. ಏನು ಹೇಳಿಕೊಂಡಳೋ ನನಗೆ ಕೇಳಿಸಲಿಲ್ಲ.

ಅವಳಿಗೆ ತಲೆ ಸುತ್ತಿತು ಎಂದು ಆಟೋ ಹಿಡಿದೆವು. ನಡುವೆ ನಾನು, ಆ ಕಡೆ ಮೇಸ್ತ್ರಿ, ಈ ಕಡೆ ಅಮ್ಮ. ದಾರಿಯುದ್ದಕ್ಕೂ ಅವಳು ಬಾಯಿಗೆ ಸೆರಗು ಒತ್ತಿ ಹಿಡಿದು, ಮುಖ ಹೊರಗೆ ತಿರುಗಿಸಿಕೊಂಡೇ ಕೂತಿದ್ದಳು. ನನಗೆ ವಾಸನೆ ಬಡಿಯದಿರಲಿ ಎಂದು. ಆದರೂ ಬರುತ್ತಿತ್ತು. ಮನೆ ಬರುವವರೆಗೆ ನಾನು ಮೇಸ್ತ್ರಿಯ ಕೈ ಬಿಡಲಿಲ್ಲ.